ಭಾವನ ಫೋಟೋ ಮತ್ತು ಮೂರು ಕಾಲಿನ ಸ್ಟ್ಯಾಂಡು

ತುರುವೇಕೆರೆಯಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷ ಟ್ರೈಪಾಡ್ ಹೊತ್ತುಕೊಂಡು ಓಡಾಡುವವರನ್ನು ಕಂಡರೆ ನನಗೆ ತಾತ್ಸಾರ. ದೇವರು ಎರಡು ಕಾಲು ಕೊಟ್ಟಿದ್ದಾನೆ, ಇನ್ನೂ ಮೂರು ಯಾಕೆ ಎಂದು ಹಂಗಿಸುತ್ತಿದ್ದೆ. ಮೊಣಕೈಗಳನ್ನು ಪಕ್ಕೆಗೊತ್ತಿ, ಉಸಿರು ಬಿಗಿಹಿಡಿದು ನಿಂತರೆ ನನ್ನ ಕೈ ಕಲ್ಲುಕಂಬ. ಮಬ್ಬುಗತ್ತಲಿನ ನಡುಮನೆಯಲ್ಲಿ ತೆಗೆದ ಫೋಟೋ ಕೂಡ ಅಲುಗಿದ್ದಿಲ್ಲ. ಆ ಜಂಬ ನನಗೆ ಬಹಳ ಇತ್ತು, ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಐವತ್ತೈದು ದಾಟಿದ ಮೇಲೆ ಬಲಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಗೊತ್ತಿದ್ದವಳು ಹೆಂಡತಿ ಒಬ್ಬಳೇ ಎಂದು ನಾನು ತಿಳಿದಿದ್ದೆ. ‘ಡಾಕ್ಟ್ರಿಗೆ ತೋರ್ಸ್ರೀ, ಇಲ್ದಿದ್ರೆ ಒಂದು ಸ್ಟ್ಯಾಂಡಾದ್ರೂ ತಗಳ್ರೀ’ ಎಂದು ಅವಳು ಹೇಳಿದಾಗಲೆಲ್ಲ ಸಿಡುಕಿದೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ ಅನ್ನಿಸುತ್ತಿತ್ತು.

ಹೀಗಿರುವಾಗ ನನ್ನ ಭಾವ ತೀರಿಕೊಂಡರು. ಅವರು ನನ್ನ ಒಬ್ಬಳೇ ಅಕ್ಕನ ಗಂಡ. ನೊಣವಿನಕೆರೆಯ ಹತ್ತಿರ ಅವರ ತೋಟ, ಮನೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಕೂತಂತೆಯೇ ಸಮಾಧಿ ಮಾಡುತ್ತೇವೆ. ಹಾಗೆ ಕೂರಿಸಿದಾಗ ತೆಗೆದ ಫೋಟೋಗೆ ಮನೆಯಲ್ಲಿ ಬೇರೆಯದೇ ಸ್ಥಾನ. ಬದುಕಿದ್ದಾಗಿನ ಫೋಟೋ ಎಷ್ಟಿದ್ದರೂ ಪೂಜೆಗೆ ಇಡುವುದು ಅದನ್ನೇ. ಇಂಥ ಫೋಟೋಗಳನ್ನು ಈ ಸೀಮೆಯಲ್ಲಿ ನಾನು ತೆಗೆದಷ್ಟು ಇನ್ಯಾರೂ ತೆಗೆದಿರಲಾರರು.

ಅಕ್ಕ ನನಗೇ ಹೇಳಿ ಕಳಿಸಿದಳು. ಪಡಸಾಲೆಯಲ್ಲಿ ಭಾವನನ್ನು ಕೂರಿಸಿದ್ದರು. ಹಿರಿಯರೊಬ್ಬರು ಮೊಬೈಲುಗಳನ್ನೆಲ್ಲ ಒಳಗಿಡಿ ಎಂದು ಗದರಿದ್ದರಿಂದ ಕ್ಯಾಮೆರಾ ಅಂತ ಇದ್ದದ್ದು ನನ್ನದೊಂದೇ. ವಿಭೂತಿ ಬಳಿದ ಹಣೆಗೆ ಫ್ಲ್ಯಾಶ್ ಹೊಡೆದರೆ ಮುಖ ಸುಣ್ಣದ ಗೋಡೆಯಂತಾಗುತ್ತದೆ. ಹಾಗಾಗಿ ಬಾಗಿಲಿಂದ ಬರುತ್ತಿದ್ದ ಬೆಳಕನ್ನೇ ನಂಬಿ, ಉಸಿರು ಬಿಗಿಹಿಡಿದೆ. ಕೈ ನಿಲ್ಲಲಿಲ್ಲ. ಹತ್ತು ತೆಗೆದೆ, ಇಪ್ಪತ್ತು ತೆಗೆದೆ. ಎದುರಿಗಿದ್ದವರು ಅಲುಗಾಡುವ ಹಾಗೇ ಇರಲಿಲ್ಲ. ಅಲುಗಿದವನು ನಾನೊಬ್ಬನೇ.

ಇದ್ದುದರಲ್ಲಿ ಒಂದನ್ನು ಆರಿಸಿ ಕಟ್ಟು ಹಾಕಿಸಿ ಕೊಟ್ಟೆ. ಭಾವನ ಹುಬ್ಬು ಎರಡೆರಡು ಕಾಣುತ್ತಿತ್ತು, ಬಾಯಿ ಕದಡಿದ ಹಾಗಿತ್ತು. ಲೆನ್ಸ್ ಕೈಕೊಟ್ಟಿತು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಕತೆ. ಅಕ್ಕ ಅದನ್ನು ಪಡಸಾಲೆಯ ಗೋಡೆಗೆ ಹಾಕಿಸಿ ಹೂ ಏರಿಸಿದಳು. ಆ ಮನೆಗೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ವರ್ಷದ ಪೂಜೆ ಮುಗಿದ ದಿನ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. ‘ನಂದೂ ಒಂದು ಫೋಟೋ ಈಗ್ಲೇ ತೆಗ್ದಿಡು ಕಣಪ್ಪ, ಪೂಜೆಗೆ ಅದ್ನೇ ಇಟ್ಕಳ್ಳಿ. ನನ್ನ ಕೂರ್ಸಿದ ದಿನ ನೀನು ಕ್ಯಾಮೆರಾ ಹಿಡ್ಕಂಡು ಒದ್ದಾಡೋದು ಬ್ಯಾಡ’ ಅಂದಳು. ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಇವಳ ಫೋಟೋವನ್ನೂ ಕೆಡಿಸಿದರೆ ಮತ್ತೆ ಈ ಮನೆಯ ಹೊಸ್ತಿಲು ತುಳಿಯಬಾರದು ಎಂದು ದಾರಿಯಲ್ಲೇ ತೀರ್ಮಾನಿಸಿದೆ.

ತಿಪಟೂರಿಗೆ ಹೋಗಿ ಫೋಟೋ ಸಾಮಾನಿನ ಅಂಗಡಿಯಲ್ಲಿ ಟ್ರೈಪಾಡ್ ಕೇಳಿದೆ. ಅಂಗಡಿಯವನು ನನ್ನನ್ನು ಬಲ್ಲವನು. ‘ಏನ್ ಸಾರ್, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?’ ಎಂದ. ಯಾರೋ ಸ್ನೇಹಿತರಿಗೆ ಎಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದಲೇ ಮೋಸ ಹೋದೆ. ಸ್ನೇಹಿತರಿಗೆ ಸಾಕು ಎಂದು ಅವನು ಹಗುರವಾದ ಅಲ್ಯೂಮಿನಿಯಂ ಸ್ಟ್ಯಾಂಡ್ ಕೊಟ್ಟ. ಗಾಳಿಗೆ ಅಲುಗಿದರೆ ಕಾಲುಗಳ ನಡುವೆ ಏರಿಸಿ ಇಳಿಸುವ ನಡುಗಂಬದ ಕೆಳಗಿನ ಕೊಕ್ಕೆಗೆ ಭಾರ ನೇತುಹಾಕಿ ಎಂದೂ ಹೇಳಿದ. ನಮ್ಮ ಕಡೆ ಭಾರ ಎಂದರೆ ಇನ್ನೇನು, ತೆಂಗಿನಕಾಯಿ. ದಂಡಿನಶಿವರದ ಒಂದು ಗೃಹಪ್ರವೇಶದಲ್ಲಿ ಚೀಲಕ್ಕೆ ನಾಲ್ಕು ಕಾಯಿ ತುಂಬಿ ಕೊಕ್ಕೆಗೆ ಕಟ್ಟಿದೆ. ತೋಟದ ಗಾಳಿಗೆ ಚೀಲ ತೊಟ್ಟಿಲಿನಂತೆ ತೂಗಿತು, ಅದರ ಜೊತೆಗೆ ಕ್ಯಾಮೆರಾವೂ ತೂಗಿತು. ಚೀಲದ ತಳ ನೆಲಕ್ಕೆ ತಾಗಿರಬೇಕು, ಆಗಲೇ ಭಾರ ಹಿಡಿದು ನಿಲ್ಲಿಸುತ್ತದೆ ಎಂಬುದು ಫೋಟೋ ಕೆಟ್ಟ ಮೇಲೆ ತಿಳಿಯಿತು.

ಮತ್ತೆ ಅಂಗಡಿಗೆ ಹೋದೆ. ಈ ಸಲ ಎತ್ತು ಕೊಳ್ಳುವವನ ಹಾಗೆ ನೋಡಿದೆ. ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ, ಸ್ಟ್ಯಾಂಡಿನ ತಲೆಯ ಮೇಲೆ ಅಂಗೈ ಊರಿ ಒತ್ತಿದೆ, ತಿರುಚಿದೆ. ನಡುಗಂಬ ಎತ್ತದೆಯೇ ನನ್ನ ಕಣ್ಣಿನ ಎತ್ತರಕ್ಕೆ ಬರಬೇಕು, ಕಂಬ ಎತ್ತಿದಷ್ಟೂ ನಡುಕ ಜಾಸ್ತಿ. ಕೆಳಗಿನ ಕಾಲು ಸಣಕಲಾಗಿರಬಾರದು, ಕೀಲುಗಳಲ್ಲಿ ಸಡಿಲವಿರಬಾರದು. ಹೆಗಲಿಗೆ ಭಾರವಾಗುವ ಒಂದು ದಪ್ಪ ಸ್ಟ್ಯಾಂಡು ಇವೆಲ್ಲಕ್ಕೂ ಒಪ್ಪಿತು.

ಆಮೇಲೆ ಬಂತು ಹೆಡ್ಡಿನ ಪ್ರಶ್ನೆ. ಕ್ಯಾಮೆರಾ ಕೂರುವುದು ಅದರ ಮೇಲೆ. ಈಗ ಎಲ್ಲರೂ ಇದನ್ನೇ ತಗೊಳ್ಳೋದು ಎಂದು ಅವನು ಬಾಲ್ ಹೆಡ್ ತಂದಿಟ್ಟ. ಗುಂಡಿನ ಮೇಲೆ ಕ್ಯಾಮೆರಾ, ಅದಕ್ಕೆ ಒಂದೇ ತಿರುಪು. ತಿರುಪು ಸಡಿಲಿಸಿದರೆ ಎಲ್ಲ ದಿಕ್ಕೂ ಒಟ್ಟಿಗೇ ಸಡಿಲ. ಗಟ್ಟಿ ಕೈಯವರಿಗೆ ಅದು ಸಲೀಸು. ನಾನು ಕ್ಯಾಮೆರಾವನ್ನು ನೆಟ್ಟಗೆ ಹಿಡಿದು ಬಿಗಿ ಮಾಡುವಷ್ಟರಲ್ಲಿ ನನ್ನ ಕೈ ನಡುಗಿ ಅದು ಓರೆಯಾಯಿತು. ಸರಿಮಾಡಿದೆ, ಮತ್ತೆ ಓರೆಯಾಯಿತು. ಮೂರನೆಯ ಸಲ ಅಂಗಡಿಯವನ ಕಣ್ಣು ಕ್ಯಾಮೆರಾ ಬಿಟ್ಟು ನನ್ನ ಕೈಯ ಮೇಲೆ ನಿಂತಿತ್ತು.

ಅವನು ಒಳಗಿನಿಂದ ಮೂರು ಹಿಡಿಯ ಹಳೇ ನಮೂನೆಯ ಹೆಡ್ ತಂದ. ‘ಇದನ್ನ ನೋಡಿ ಸಾರ್. ಮೇಲೆ ಕೆಳಗೆ ಒಂದು ಹಿಡಿ, ಓರೆಗೊಂದು, ಸುತ್ತ ತಿರುಗ್ಸಾಕೊಂದು. ಒಂದನ್ನ ತಿರುಗ್ಸುವಾಗ ಉಳಿದೆರಡು ಜಪ್ಪಯ್ಯ ಅಂದ್ರೂ ಅಲುಗಲ್ಲ. ನಿಧಾನ ಕಣ್ರೀ, ಅಷ್ಟೇ’ ಎಂದ. ಹಿಡಿಗಳು ಉದ್ದವಿದ್ದವು, ಬೆರಳು ನಡುಗಿದರೂ ಅಂಗೈಯಿಂದ ಬಿಗಿ ಮಾಡಬಹುದಿತ್ತು. ಕ್ಯಾಮೆರಾ ಕೂರಿಸಿ ಕೈಬಿಟ್ಟೆ. ಅದು ಅಲ್ಲೇ ನಿಂತಿತು. ‘ಸ್ನೇಹಿತರಿಗಲ್ಲ, ನನಗೇ’ ಎಂದೆ. ‘ಗೊತ್ತಾಯ್ತು ಬುಡಿ ಸಾರ್’ ಎಂದ.

ಅಕ್ಕನ ಮನೆಗೆ ಹೋದಾಗ ಬೆಳಗಿನ ಹತ್ತು ಗಂಟೆ. ಪಡಸಾಲೆಯಲ್ಲಿ ಸ್ಟ್ಯಾಂಡ್ ಹೂಡಿ, ಒಂದೊಂದೇ ಹಿಡಿ ತಿರುಗಿಸಿ ಚೌಕಟ್ಟು ಸರಿಮಾಡಿಕೊಂಡೆ. ಅಕ್ಕ ಬಿಳಿ ಅಂಚಿನ ಸೀರೆ ಉಟ್ಟು ಬಂದಳು. ಬಂದವಳೇ ಗೋಡೆಯಿಂದ ಭಾವನ ಫೋಟೋ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು.

‘ಅದು ಬ್ಯಾಡ ಅಕ್ಕ’ ಎಂದೆ.

‘ಯಾಕ್ಲಾ?’

ಇನ್ನು ತಡೆಯಲಾಗಲಿಲ್ಲ. ಲೆನ್ಸಿಗೆ ಏನೂ ಆಗಿರಲಿಲ್ಲ, ದುಃಖಕ್ಕೆ ಕೈ ನಡುಗಿದ್ದೂ ಅಲ್ಲ, ಅದಕ್ಕೂ ಆರು ತಿಂಗಳ ಮುಂಚಿನಿಂದಲೇ ನಡುಗುತ್ತಿತ್ತು, ಒಂದು ಸ್ಟ್ಯಾಂಡ್ ತಂದಿದ್ದರೆ ಭಾವನ ಮುಖ ಉಳಿಯುತ್ತಿತ್ತು, ಜಂಬಕ್ಕೆ ತರಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಹೇಳುವಾಗ ನನಗೆ ನಾಚಿಕೆಯಿಂದ ಅಳು ಬಂತು.

ಅಕ್ಕ ಫೋಟೋದ ಅಂಚನ್ನು ಸವರುತ್ತಾ ಕೂತಿದ್ದಳು. ‘ನಂಗೆ ಗೊತ್ತಿತ್ತು ಕಣ್ಲಾ. ಅವರು ಹೋಗೋಕೆ ಮುಂಚೆ ಹಬ್ಬಕ್ಕೆ ಬಂದಾಗ ನೀನು ಕಾಪಿ ಲೋಟನ ಎರಡೂ ಕೈಲಿ ಹಿಡ್ದು ಕುಡ್ದೆ. ನಿನ್ನ ಎತ್ತಿ ಆಡ್ಸಿದೋಳು ನಾನು, ಕಾಣಲ್ವಾ?’ ಎಂದಳು.

‘ಗೊತ್ತಿದ್ದೂ ನನ್ನನ್ಯಾಕೆ ಕರೆಸ್ದೆ? ತಿಪಟೂರಿಂದ ಬೇರೆ ಯಾರಾದ್ರೂ ಬರ್ತಿದ್ರಲ್ಲ.’

‘ಸ್ವಂತ ಭಾವನ ಫೋಟೋನೇ ಬೇರೆಯವರ ಕೈಲಿ ತೆಗ್ಸಿದ್ರೆ ನೀನು ಇನ್ನು ಕ್ಯಾಮೆರಾ ಮುಟ್ತಿದ್ಯಾ? ಅವರಂತೂ ಹೋಗಿದ್ರು. ನೀನು ಇದ್ಯಲ್ಲ. ಹೂಂ, ತೆಗಿ, ಬೆಳಕು ಹೋಯ್ತದೆ.’

ಗುಂಡಿ ಒತ್ತಿದರೂ ಕ್ಯಾಮೆರಾ ಅಲುಗುತ್ತದೆಂದು ಟೈಮರ್ ಹಾಕಿದೆ. ಹತ್ತು ಸೆಕೆಂಡು. ಒತ್ತಿ ಹಿಂದೆ ಸರಿದು, ಎರಡೂ ಕೈ ಕಟ್ಟಿಕೊಂಡು ನಿಂತೆ. ಮಧ್ಯೆ ಕ್ಯಾಮೆರಾ ಇಲ್ಲದೆ ಅಕ್ಕನನ್ನು ಅಷ್ಟು ಹೊತ್ತು ನೋಡಿ ಎಷ್ಟೋ ವರ್ಷವಾಗಿತ್ತು.

ಫೋಟೋ ಚೆನ್ನಾಗಿ ಬಂತು. ಅಕ್ಕನ ಹಣೆಯ ಗೆರೆಗಳು, ಕೈಯ ನರಗಳು, ಭಾವನ ಫೋಟೋದ ಕಟ್ಟಿನ ಮೂಲೆಯ ಸಣ್ಣ ಬಿರುಕು, ಎಲ್ಲ ಸ್ಫುಟವಾಗಿವೆ. ಭಾವನ ಮುಖ ಮಾತ್ರ ಅವಳ ತೊಡೆಯ ಮೇಲೆ ಹಾಗೇ ಅಲುಗಿಕೊಂಡು ಕೂತಿದೆ. ಅವತ್ತು ನನ್ನ ಕೈ ಎಷ್ಟು ನಡುಗಿತ್ತು ಎಂಬುದನ್ನು ಈ ಸ್ಟ್ಯಾಂಡು ಕೂದಲೆಳೆಯಷ್ಟೂ ಅಲುಗದೆ ತೆಗೆದಿಟ್ಟಿದೆ. ಒಂದು ಪ್ರತಿಯನ್ನು ಅಕ್ಕನಿಗೆ ಕೊಟ್ಟೆ. ಇನ್ನೊಂದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಬಾಗಿಲಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಹಾಕಿದ್ದೇನೆ. ಆ ಮುಖ ಯಾಕೆ ಹಾಗಿದೆ ಎಂದು ಕೇಳಿದವರಿಗೆ, ನನ್ನ ಕೈ ನಡುಗುತ್ತದೆ ಎಂದು ಹೇಳುತ್ತೇನೆ.