ಮೂರು ಎಣ್ಣೆ ಕುಡಿದ ಕಾರು

ನನ್ನ ಕಾರು ಹೊಟ್ಟೆ ಕೆಟ್ಟು ಸತ್ತಿತು.

ನಗಬೇಡಿ. ವರ್ಕ್‌ಷಾಪಿನವನು ಇಂಜಿನ್ನಿನ ತಳ ಬಿಚ್ಚಿದಾಗ ಕಣ್ಣಾರೆ ಕಂಡಿದ್ದೇನೆ. ಎಣ್ಣೆ ಇರಬೇಕಾದ ಜಾಗದಲ್ಲಿ ಜೋನಿಬೆಲ್ಲದಂಥ ಕಪ್ಪು ಅಂಟು. ಬೆರಳಿಟ್ಟರೆ ಎಳೆ ಎಳೆಯಾಗಿ ಬರುತ್ತಿತ್ತು. "ಇದಕ್ಕೆ ಏನೇನ್ ಹಾಕಿದ್ರಿ ಸ್ವಾಮಿ?" ಎಂದು ಅವನು ಕೇಳಿದ. ಯಾರ್ಯಾರು ಏನೇನು ತಂದುಕೊಟ್ಟರೋ ಅದನ್ನೆಲ್ಲ ಹಾಕಿದೆ ಕಣಪ್ಪ ಎನ್ನಬೇಕಾಗಿತ್ತು. ಬದಲಿಗೆ ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿದೆ.

ಈ ಅಂಕಣವನ್ನು ಓದುತ್ತಾ ಬಂದವರಿಗೆ ನನ್ನ ಕಾರಿನ ಪರಿಚಯ ಇದ್ದೇ ಇದೆ. ಯುದ್ಧಕ್ಕೆ ಮುಂಚೆ ಇಂಗ್ಲೆಂಡ್ ಸೀಮೆಯಿಂದ ಹಡಗಿನಲ್ಲಿ ಬಂದದ್ದು. ಸ್ವಾತಂತ್ರ್ಯ ಬಂದಾಗ ಊರು ಬಿಟ್ಟು ಹೊರಟ ಕಾಫಿ ತೋಟದ ದೊರೆಯೊಬ್ಬ ಮಾರಿಹೋದದ್ದು. ಅದರ ಮೈಲಿ ಮೀಟರು ಒಂಬತ್ತುಗಳನ್ನೆಲ್ಲ ಮುಗಿಸಿ ಮತ್ತೆ ಸೊನ್ನೆಯಿಂದ ಎಣಿಸತೊಡಗಿ ಎಷ್ಟೋ ಕಾಲವಾಯಿತು. ಲಕ್ಷ್ಮೀಪುರಂನ ನಮ್ಮ ಬೀದಿಯಲ್ಲಿ ಅದು ಹೊರಟಿತೆಂದರೆ ಹೆಂಗಸರು ಓಡಿಬಂದು ಒಣಹಾಕಿದ ಬಟ್ಟೆ ಎತ್ತಿಕೊಳ್ಳುತ್ತಿದ್ದರು. ಅಷ್ಟು ಹೊಗೆ! ಪೆಟ್ರೋಲು ಕುಡಿದ ಹಾಗೆಯೇ ಇಂಜಿನ್ ಆಯಿಲನ್ನೂ ಕುಡಿಯುತ್ತಿತ್ತು.

ಅಂಥದ್ದನ್ನು ಮಾರಿ ಕೈತೊಳೆದುಕೊಳ್ಳಬಾರದಿತ್ತೇ? ಆಗುತ್ತಿರಲಿಲ್ಲ. ಏಕೆಂದರೆ ಆ ಕಾರು ನಮ್ಮಕ್ಕನಿಗೆ ಕಾಲಾಗಿತ್ತು.

ಅಕ್ಕ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕಾಲು ಮೇಲಕ್ಕೆ ಎತ್ತಲಾಗುವುದಿಲ್ಲ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಅಷ್ಟೆ. ಜಟಕಾದ ಮೆಟ್ಟಿಲು ಅವಳಿಗೆ ಚಾಮುಂಡಿ ಬೆಟ್ಟ. ಒಮ್ಮೆ ನಾನೂ ಜಟಕಾದವನೂ ಹಿಡಿದು ಹತ್ತಿಸಲು ನೋಡಿದೆವು. "ಮೂಟೆ ಎತ್ತಿದ ಹಾಗೆ ಎತ್ತಬೇಡ್ರೋ, ಬೀದಿ ಜನ ನೋಡ್ತಾರೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಕಾರಾದರೆ ಆ ಕಷ್ಟವಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಸೀಟಿನ ಮೇಲೆ ಕೂತು, ಒಂದೊಂದೇ ಕಾಲನ್ನು ಕೈಯಿಂದ ಒಳಗೆ ಎಳೆದುಕೊಂಡರೆ ಆಯಿತು. ಯಾರೂ ಮುಟ್ಟಬೇಕಾಗಿಲ್ಲ.

ಶನಿವಾರ ಮಧ್ಯಾಹ್ನವೆಂದರೆ ನಮ್ಮ ಸವಾರಿ ಜಯಲಕ್ಷ್ಮಿಪುರಂಗೆ. ಅಲ್ಲಿ ಮಗನ ಮನೆಯಲ್ಲಿ ಅಕ್ಕನ ಗೆಳತಿ ಸಾವಿತ್ರಮ್ಮ ಇದ್ದರು. ಲಂಗ ಉಟ್ಟ ವಯಸ್ಸಿನಿಂದ ಇಬ್ಬರೂ ಜೊತೆ. ಆಗಿನಿಂದಲೂ ಚೌಕಾಬಾರ ಆಟದ ಹುಚ್ಚು. ಕವಡೆ ಸಾವಿತ್ರಮ್ಮನವು. ಅಕ್ಕನ ಕಾಯಿ ಹುಣಿಸೆ ಬೀಜ, ಅವರದು ಹಸಿರು ಬಳೆಚೂರು. ನಾನು ಹೊರಗೆ ಪೇಪರ್ ಹಿಡಿದು ಕೂತಿರುತ್ತಿದ್ದೆ. ಒಳಗಿನಿಂದ "ಕಳ್ಳಿ, ಮನೆ ಎಣಿಸೋಕೆ ಬರಲ್ವೇನೇ ನಿನಗೆ?" ಎಂದು ಜಗಳ ಕೇಳುತ್ತಿತ್ತು. ಹಿಂದೆಯೇ ನಗು. ಅಕ್ಕ ವಾರದಲ್ಲಿ ಅಷ್ಟು ಜೋರಾಗಿ ನಗುತ್ತಿದ್ದದ್ದು ಆ ಒಂದು ಹೊತ್ತು ಮಾತ್ರ.

ಇನ್ನು ಎಣ್ಣೆಯ ವಿಷಯ.

ಈಚೆಗೆ ಕಾರಿನ ಹೊಗೆ ಮಿತಿಮೀರಿತು. ಇಂಜಿನ್ನಿನೊಳಗೆ ಯಾರೋ ಕಲ್ಲು ಕುಟ್ಟಿದ ಸದ್ದು. ಹಳೆಯ ಎಣ್ಣೆಯನ್ನು ಚೆಲ್ಲಿ ಹೊಸದು ಹಾಕಿದರೆ ಸರಿಹೋದೀತು ಅಂದುಕೊಂಡೆ. ಆದರೆ ಇಷ್ಟು ಓಡಿದ ಮುದಿ ಗಾಡಿಗೆ ಯಾವ ಎಣ್ಣೆ? ತೆಳ್ಳಗಿನದೋ, ದಪ್ಪದ್ದೋ? ಮನಸ್ಸಿನಲ್ಲೇ ಕೇಳಿಕೊಂಡಿದ್ದರೆ ಬದುಕುತ್ತಿದ್ದೆ. ಬಾನೆಟ್ ಎತ್ತಿ ನಿಂತು ಗಟ್ಟಿಯಾಗಿ ಕೇಳಿಬಿಟ್ಟೆ. ಮೈಸೂರಿನಲ್ಲಿ ಬೀದಿಗೆ ಕಾಣುವಂತೆ ಬಾನೆಟ್ ಎತ್ತುವುದೂ ಒಂದೇ, ಸಭೆ ಕರೆಯುವುದೂ ಒಂದೇ.

ಮೊದಲು ಬಂದವರು ಎದುರು ಮನೆಯ ವೆಂಕಟರಾಮಯ್ಯನವರು. ರಿಟೈರ್ಡ್ ಅಮಲ್ದಾರರು. (ರಿಟೈರಾದದ್ದು ಕೆಲಸದಿಂದ. ಹುಕುಂ ಕೊಡುವುದರಿಂದಲ್ಲ.) "ವಯಸ್ಸಾದ ಗಾಡಿ ಕಣ್ರೀ. ಒಳಗೆಲ್ಲ ಸವೆದು ಸಂದು ಬಿದ್ದಿರುತ್ತೆ. ಗಟ್ಟಿ ಎಣ್ಣೆ ಹಾಕಿ, ಐವತ್ತು ನಂಬರಿಂದು. ಹೊಗೆ ನಿಲ್ಲದೆ ಇದ್ರೆ ನನ್ನ ಕೇಳಿ" ಎಂದರು. ಅಂದು ಸಂಜೆ ತಾವೇ ಡಬ್ಬ ಹಿಡಿದುಕೊಂಡು ಬಂದರು. ಹಾಕಿದೆವು. ಸುಳ್ಳು ಹೇಳಬಾರದು, ಹೊಗೆ ಕಡಿಮೆಯಾಯಿತು, ಸದ್ದೂ ಇಳಿಯಿತು. ಬೆಳಗ್ಗೆ ಸ್ಟಾರ್ಟ್ ಆಗಲು ಸ್ವಲ್ಪ ಗೊಣಗುತ್ತಿತ್ತು, ಅಷ್ಟೆ. ನಾನು ಅಲ್ಲಿಗೇ ನಿಲ್ಲಿಸಿದ್ದರೆ ಈ ವಾರ ನಿಮಗೆ ಬೇರೆ ಏನನ್ನೋ ಬರೆಯುತ್ತಿದ್ದೆ.

ಎರಡನೆಯವರು ಪಕ್ಕದ ಮನೆಯ ಡಾಕ್ಟರ್ ರಂಗನಾಥ್. ಇನ್ನೂ ಹುಡುಗರು, ಹೊಸ ಕಾರು ಇಟ್ಟಿದ್ದಾರೆ. "ಗಟ್ಟಿ ಎಣ್ಣೆನಾ ಸಾರ್? ಅದು ಹಳೇ ಕಾಲದ್ದು. ಈಗ ಡಿಟರ್ಜೆಂಟ್ ಆಯಿಲ್ ಬಂದಿದೆ. ಒಳಗಿರೋ ಕೊಳೆಯನ್ನೆಲ್ಲ ತೊಳೆದು ಹಾಕುತ್ತೆ, ಎನಿಮಾ ಕೊಟ್ಟ ಹಾಗೆ" ಎಂದರು. ಈಗ ತಾನೇ ಹಾಕಿಸಿದ್ದೇನೆ ಎಂದೆ. ಅವರು ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿದರು. ಮುದಿ ಇಂಜಿನ್ ಅಷ್ಟರಲ್ಲೇ ಒಂದಷ್ಟು ಕುಡಿದು ಮುಗಿಸಿತ್ತು. "ಜಾಗ ಇದೆಯಲ್ಲ ಸಾರ್!" ಎಂದವರೇ ತಮ್ಮ ಡಿಕ್ಕಿಯಿಂದ ಡಬ್ಬ ತಂದು ಸುರಿದರು. (ಇಷ್ಟು ವರ್ಷದ ಕೊಳೆಯೇ ಆ ಇಂಜಿನ್ನನ್ನು ಹಿಡಿದು ನಿಲ್ಲಿಸಿತ್ತು ಎಂಬುದು ಆಮೇಲೆ ತಿಳಿಯಿತು. ತೊಳೆದ ಕೊಳೆ ಹೋಗಿ ಎಣ್ಣೆಯ ದಾರಿಗೇ ಅಡ್ಡ ಕೂತಿತ್ತು.)

ಮೂರನೆಯವನು ಶಿವಣ್ಣ. ನಂಜನಗೂಡಿನ ಕಡೆಯ ರೈತ, ನನ್ನ ಕಕ್ಷಿದಾರ. ಹೊಲದ ಬದುವಿನ ಕೇಸು ಗೆದ್ದ ಸಂತೋಷಕ್ಕೆ ಏನಾದರೂ ತಂದುಕೊಡಬೇಕೆಂದು ಕಾದಿದ್ದ. ಕಾರಿನ ಸುದ್ದಿ ಕೇಳಿ ಬಸ್ಸಿನಲ್ಲಿ ಬಂದ. ಮಡಿಲಲ್ಲಿ ಮಗುವಿನ ಹಾಗೆ ಒಂದು ಡಬ್ಬ ಹರಳೆಣ್ಣೆ.

"ನಮ್ಮ ಒಲದ್ದೇ ಅರಳು ಸ್ವಾಮಿ, ಗಾಣದಲ್ಲಿ ಆಡ್ಸಿದ್ದು. ನಮ್ಮ ಬಾವ ಮಿಲಿಟ್ರೀಲಿದ್ದ. ಮುಂಚೆ ಇಮಾನಕ್ಕೇ ಇದ್ನ ಬುಡ್ತಿದ್ರಂತೆ. ನಿಮ್ ಕಾರ್ ಯಾವ್ ಲೆಕ್ಕ ಬುಡಿ!"

ನನಗೆ ಗೊತ್ತಿದ್ದ ಹರಳೆಣ್ಣೆ ಎಂದರೆ ಮಕ್ಕಳನ್ನು ಗೋಡೆಗೆ ಒತ್ತಿ ಹಿಡಿದು ಕುಡಿಸುವುದು. ಆದರೆ ಶಿವಣ್ಣನ ಮುಖ ನೋಡಿದೆ. ಅಷ್ಟು ದೂರದಿಂದ ಒಂದು ತೊಟ್ಟು ಚೆಲ್ಲದಂತೆ ತಂದಿದ್ದ. ಕಡ್ಡಿ ಎಳೆದು ನೋಡಿದೆ. ದುರದೃಷ್ಟ, ಮತ್ತೆ ಜಾಗ ಇತ್ತು.

ನಾನು ವಕೀಲ. "ಇದನ್ನು ನಾನು ಒಪ್ಪುವುದಿಲ್ಲ" ಎಂದು ದಿನವೆಲ್ಲ ಕೋರ್ಟಿನಲ್ಲಿ ಹೇಳಿಯೇ ಅನ್ನ ತಿನ್ನುವವನು. ಅದೇ ಮಾತು ಮನೆಯ ಗೇಟಿನ ಬಳಿ ಏಕೆ ಬರುವುದಿಲ್ಲ? ನಮ್ಮ ಊರಿನ ಊಟದ ಪಂಕ್ತಿ ನೋಡಿದ್ದೀರಲ್ಲ. ಎಲೆಗೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರೂ ಬೆರಳ ಸಂದಿಯಲ್ಲಿ ಹೋಳಿಗೆ ಜಾರಿಸಿ ಹೋಗುತ್ತಾರೆ. ತಿನ್ನದೆ ಬಿಟ್ಟರೆ ಬಡಿಸಿದವರಿಗೆ ಬೇಸರ, ತಿಂದರೆ ನಮಗೆ ಸಂಕಟ. ನಾವು ಯಾವುದನ್ನು ಆರಿಸುತ್ತೇವೆ? ಸಂಕಟವನ್ನು. ಇದಕ್ಕೆ ದಾಕ್ಷಿಣ್ಯ ಎಂದು ಹೆಸರು. ಮೈಸೂರಿನವರು ಬಹಳ ಒಳ್ಳೆಯವರು ಎಂದು ಹೊರಗಿನವರು ಹೊಗಳುವುದು ಈ ಗುಣಕ್ಕೇ. ನನ್ನ ಕಾರೂ ಪಾಪ, ಮೈಸೂರಿನದೇ ಆಗಿಹೋಗಿತ್ತು. ಬಡಿಸಿದ್ದನ್ನೆಲ್ಲ ಉಂಡಿತು.

ಈ ಎಣ್ಣೆಯ ಸಂತರ್ಪಣೆ ನಡೆಯುವಾಗ ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸಾವಿತ್ರಿ ಮಗನಿಗೆ ಹುಬ್ಬಳ್ಳಿಗೆ ವರ್ಗ ಆಗೋ ಹಾಗಿದೆಯಂತೆ ಕಣೋ. ಯಾವಾಗ ಆರ್ಡರ್ ಬರುತ್ತೋ ಗೊತ್ತಿಲ್ಲ. ಈ ಶನಿವಾರ ಮಾತ್ರ ತಪ್ಪಿಸ್ಬೇಡಪ್ಪ" ಎಂದಳು.

"ಹೂಂ ಅಕ್ಕ" ಎಂದೆ, ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ. ಸರ್ಕಾರದ ಆರ್ಡರ್ ತಾನೆ, ಅದು ಬರುವ ಹೊತ್ತಿಗೆ ದಸರಾ ಮುಗಿದಿರುತ್ತದೆ ಎಂದುಕೊಂಡೆ.

ಶುಕ್ರವಾರ ಸಂಜೆ, ಮರುದಿನದ ಸವಾರಿಗೆಂದು ಪೆಟ್ರೋಲ್ ಹಾಕಿಸಲು ಹೊರಟೆ. ಬಂಕಿನಿಂದ ವಾಪಸ್ ಬರುವಾಗ ಇಂಜಿನ್ ಒಂದು ಸಲ ಕಿರುಚಿತು, ಅಷ್ಟೆ. ಹಿಡಿದುಕೊಂಡುಬಿಟ್ಟಿತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಕಲ್ಲುಗಂಬ ತಿರುಗಿಸಿದ ಹಾಗೆ. ದಾರಿಯಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗರು ನೂಕಿಕೊಟ್ಟರು. ಆಗ ನಾನು ಏನು ಮಾಡಿದೆ ಗೊತ್ತೇ? ಮುಂದಿನ ಬೀದಿಯಲ್ಲಿ ಬರಲಿಲ್ಲ. ಹಿಂದಿನ ಓಣಿಯಿಂದ ನೂಕಿಸಿಕೊಂಡು ಬಂದು, ಸದ್ದಿಲ್ಲದೆ ಷೆಡ್ಡಿನಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದೆ. ವೆಂಕಟರಾಮಯ್ಯನವರು ನೋಡಿದರೆ ನೊಂದುಕೊಳ್ಳುವುದಿಲ್ಲವೇ? ಡಾಕ್ಟರಿಗೆ ಏನನ್ನಿಸೀತು?

ಹಾಳಾದದ್ದು ನನ್ನ ಕಾರು. ಮುಖ ಮುಚ್ಚಿಕೊಂಡವನೂ ನಾನೇ!

ಶನಿವಾರ ಊಟವಾದ ಕೂಡಲೇ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಜಗುಲಿಯಲ್ಲಿ ಬಂದು ಕೂತಳು. ಕೈಯಲ್ಲಿ ಹುಣಿಸೆ ಬೀಜದ ಚೀಲ. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಇವತ್ತು ಬೇಡ ಅಕ್ಕ. ಗಾಡಿ ಕೆಟ್ಟಿದೆ. ಮುಂದಿನ ವಾರ ಹೋಗೋಣ."

ಅವಳು ಚೀಲವನ್ನು ಮಡಿಲಿಗೆ ಹಾಕಿಕೊಂಡಳು. ಆಮೇಲೆ ಕೋಲಿನಿಂದ ಪಕ್ಕದ ಮನೆಯ ಕಡೆ ತೋರಿಸಿ, "ಡಾಕ್ಟರ ಕಾರು ನಿಂತಿದೆಯಲ್ಲೋ. ಒಂದು ಮಾತು ಕೇಳಿ ನೋಡು. ಬಿಟ್ಟು ಬಂದ್ರೆ ಸಾಕು" ಎಂದಳು.

ಕೇಳಿದರೆ ಡಾಕ್ಟರು ಇಲ್ಲವೆನ್ನುತ್ತಿರಲಿಲ್ಲ. ಅವರೇ ಬಾಗಿಲು ತೆಗೆದು ಕೂರಿಸಿಕೊಂಡು ಹೋಗುತ್ತಿದ್ದರು. ಆದರೆ ಮೊದಲು "ನಿಮ್ಮ ಕಾರಿಗೇನಾಯ್ತು ಸಾರ್?" ಎಂದು ಕೇಳುತ್ತಿದ್ದರು. ಏನು ಹೇಳಲಿ? ನಿಮ್ಮ ಎನಿಮಾ ಕೆಲಸ ಮಾಡಿತು ಎನ್ನಲೇ? ಸ್ಟೇಷನ್ನಿನಿಂದ ಟ್ಯಾಕ್ಸಿ ತರಿಸಬಹುದಿತ್ತು. ಅದು ಮನೆ ಮುಂದೆ ನಿಂತರೆ ಎದುರು ಜಗುಲಿಯಿಂದ ಅದೇ ಪ್ರಶ್ನೆ ಬರುತ್ತಿತ್ತು.

"ಬೇಡ ಬಿಡು ಅಕ್ಕ, ಚೆನ್ನಾಗಿರಲ್ಲ" ಎಂದೆ.

"ಸರಿ ಬಿಡಪ್ಪ" ಎಂದು ಎದ್ದು ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಜಯಲಕ್ಷ್ಮಿಪುರಂನಿಂದ ಸಾವಿತ್ರಮ್ಮನ ಪಕ್ಕದ ಮನೆಯಾಕೆ ಬಂದರು. ಶುಕ್ರವಾರವೇ ಆರ್ಡರ್ ಬಂದಿತ್ತಂತೆ, ತಕ್ಷಣ ಹೋಗಿ ಸೇರಿಕೊಳ್ಳಬೇಕೆಂದು. ಭಾನುವಾರದ ರೈಲಿಗೆ ಮನೆಮಂದಿಯೆಲ್ಲ ಹೊರಟುಹೋದರು.

"ಶನಿವಾರ ಮನೆ ತುಂಬ ಗಂಟುಮೂಟೆ ಕಣಮ್ಮ. ಆದ್ರೂ ನೀವು ಬರ್ತೀರ ಅಂತ ಕೋಡುಬಳೆ ಮಾಡಿದ್ರು. ನೆಲದ ಮೇಲೆ ಮನೆ ಬರೆದು, ಕಾಯಿ ಜೋಡಿಸಿಕೊಂಡು ಕೂತಿದ್ರು. ಕಾರಿನ ಸದ್ದು ಕೇಳಿದ್ರೆ ಸಾಕು, ಎದ್ದು ಬಾಗಿಲಿಗೆ ಬರೋರು. ದೀಪ ಹಚ್ಚೋ ತನಕ ಹಂಗೇ ಕಾದ್ರು."

ಆಕೆ ಒಂದು ಸಣ್ಣ ಗಂಟನ್ನು ಅಕ್ಕನ ಕೈಗೆ ಕೊಟ್ಟರು. ಬಿಚ್ಚಿದರೆ ಒಳಗೆ ಕವಡೆ, ಜೊತೆಗೆ ಹಸಿರು ಬಳೆಚೂರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಹೋದೆ. ಷೆಡ್ಡಿನ ಬಾಗಿಲು ಕಂಡಿತು, ಅದಕ್ಕೊಂದು ಒದೆ ಕೊಟ್ಟೆ. ಕಾರು ಹೋದದ್ದಕ್ಕಲ್ಲ. ಸಿಲಿಂಡರ್ ಬೋರ್ ಮಾಡಿಸಿ ಬೇರಿಂಗ್ ಬದಲಾಯಿಸಿದರೆ ಅದು ಇಂದಲ್ಲ ನಾಳೆ ಎದ್ದೀತು, ಆಮೇಲೆ ಹಿಂದಿನ ಓಣಿಯಿಂದಲೇ ಬಂದು ಬಿಚ್ಚಿ ನೋಡಿದ ವರ್ಕ್‌ಷಾಪಿನವನು ಹಾಗೆಂದಿದ್ದಾನೆ. ಆ ಶನಿವಾರವನ್ನು ಯಾವ ವರ್ಕ್‌ಷಾಪಿನಲ್ಲಿ ರಿಪೇರಿ ಮಾಡಿಸಲಿ? ಹುಬ್ಬಳ್ಳಿಗೇ ಕರೆದುಕೊಂಡು ಹೋಗುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಹೇಳಿದ ಮೇಲೆ ನೆನಪಾಯಿತು, ರೈಲಿನ ಮೆಟ್ಟಿಲು ಜಟಕಾದ ಮೆಟ್ಟಿಲಿಗಿಂತ ಎತ್ತರ.

ಮುದಿ ಗಾಡಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಈಗಲೂ ನನಗೆ ಗೊತ್ತಿಲ್ಲ. ವೆಂಕಟರಾಮಯ್ಯನವರದೇ ಸರಿಯಿತ್ತೇನೋ. ಡಾಕ್ಟರದೂ ಹೊಸ ಗಾಡಿಗೆ ಸರಿಯೇ ಇರಬೇಕು. ಯಾವುದಾದರೂ ಒಂದನ್ನು ಹಿಡಿದುಕೊಂಡು ಉಳಿದವರಿಗೆ ಕೈಮುಗಿದಿದ್ದರೆ ಆಗುತ್ತಿತ್ತು. ಮೂವರೂ ಒಳ್ಳೆಯ ಮನಸ್ಸಿನಿಂದಲೇ ತಂದುಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. (ಹೆಸರುಗಳನ್ನು ಬದಲಾಯಿಸಿದ್ದೇನೆ. ಬದಲಾಯಿಸದೆ ಬರೆಯುವ ಧೈರ್ಯ ಇನ್ನೂ ಬಂದಿಲ್ಲ, ನೋಡಿ.) ಸಿಟ್ಟು ಇರುವುದು ನನ್ನ ಮೇಲೆ. ಹೊರಗಿನವರ ಮನಸ್ಸಿಗೆ ಗೀರು ಬೀಳದಂತೆ ಅಷ್ಟು ಜೋಪಾನವಾಗಿ ನಡೆದುಕೊಂಡೆ. ಮನೆಯವಳ ಮನಸ್ಸು ಎಲ್ಲಿ ಹೋಗುತ್ತದೆ, ಇಲ್ಲೇ ಇರುತ್ತದಲ್ಲ ಎಂದುಕೊಂಡೆ. ನಾವು ಎಷ್ಟು ಮಂದಿ ಹೀಗೆ ಬದುಕುತ್ತಿದ್ದೇವೆ?

ಮೊನ್ನೆ ಸಂಜೆ ಅಕ್ಕ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಒಬ್ಬಳೇ ಕೂತಿದ್ದಳು. ಒಂದು ಕಡೆ ಹುಣಿಸೆ ಬೀಜ, ಇನ್ನೊಂದು ಕಡೆ ಬಳೆಚೂರು. ಎರಡೂ ಕಡೆಗೆ ಅವಳೇ ಕವಡೆ ಹಾಕುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತೆ. "ಆಡ್ಲಾ ಅಕ್ಕ?" ಎಂದೆ. ಅವಳು ಬಳೆಚೂರುಗಳನ್ನು ನನ್ನ ಕಡೆ ಸರಿಸಲಿಲ್ಲ.

ಅಷ್ಟರಲ್ಲಿ ಎದುರು ಮನೆಯಿಂದ ವೆಂಕಟರಾಮಯ್ಯನವರು ಕೂಗಿದರು. "ಏನ್ರೀ ವಕೀಲ್ರೇ, ಗಾಡಿ ಸದ್ದೇ ಇಲ್ವಲ್ಲ? ನಮ್ಮ ಎಣ್ಣೆ ಹೇಗಿದೆ? ಇನ್ನೊಂದು ಡಬ್ಬ ತರಿಸ್ಲಾ?"

"ರೇಷ್ಮೆ ಹಾಗೆ ಓಡ್ತಿದೆ ಸಾರ್. ಆಗಲಿ, ತರಿಸಿ" ಎಂದುಬಿಟ್ಟೆ.

ಅಕ್ಕ ಕವಡೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು.

"ಊರಿನವರಿಗೆಲ್ಲ ಬೇಡ ಅನ್ನೋಕೆ ನಿನಗೆ ನಾಲಿಗೆ ಹೊರಳಲ್ಲ. ನನಗೆ ಅನ್ನೋವಾಗ ಮಾತ್ರ ಹೆಂಗೋ ಹೊರಳ್ತು?"