ಉರುಕುಂದಪ್ಪನ ಸ್ಟೂಲು

ಗಾರ್ಡು ಹಸಿರು ಬಾವುಟ ಎತ್ತಿದ ಮೇಲೂ "ಸಾವಕಾಶ ಹತ್ರಿ ತಾಯಿ, ಇನ್ನೂ ಹೊತ್ತೈತಿ" ಎನ್ನುವ ಮನುಷ್ಯನನ್ನು ಕಂಡರೆ ಯಾವ ರೈಲ್ವೆ ನೌಕರನಿಗೆ ಸಿಟ್ಟು ಬರುವುದಿಲ್ಲ ಹೇಳಿ. ನನಗಂತೂ ಬರುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಅದನ್ನು ಎಬ್ಬಿಸಲು ಉರುಕುಂದಪ್ಪ ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ.

ನಾನು, ಸೇತುಮಾಧವ, ಮೂವತ್ತಾರನೇ ಇಸವಿಯಲ್ಲಿ ಆದವಾನಿ ಸ್ಟೇಷನ್ನಿಗೆ ಬುಕಿಂಗ್ ಕ್ಲಾರ್ಕಾಗಿ ಬಂದೆ. ಆಗಿನ್ನೂ ಆದವಾನಿ ಬಳ್ಳಾರಿ ಜಿಲ್ಲೆಯ ಊರು. ಉರುಕುಂದಪ್ಪ ಅಲ್ಲಿ ಹಮಾಲ. ನಲವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ಅಗಲ ಬೆನ್ನು. ನಾಲ್ಕು ಮಣದ ಮೂಟೆಯನ್ನು ಹೆಗಲಿಗೇರಿಸಿಕೊಂಡು ವೀಳ್ಯ ಅಗಿಯುತ್ತ ನಡೆಯುತ್ತಿದ್ದ. ಆದರೆ ಊರಿಗೆಲ್ಲ ಅವನು ಗೊತ್ತಿದ್ದದ್ದು ಮೂಟೆಯಿಂದಲ್ಲ, ಸ್ಟೂಲಿನಿಂದ.

ನಮ್ಮದು ಹೆಸರಿಗೆ ಮಾತ್ರ ಪ್ಲಾಟ್‌ಫಾರ್ಮು. ಮೊರಂ ಹಾಸಿದ ನೆಲ, ಹಳಿಗಿಂತ ಒಂದು ಗೇಣು ಮೇಲೆ, ಅಷ್ಟೆ. ಥರ್ಡ್ ಕ್ಲಾಸಿನ ಡಬ್ಬಿಗಳೋ, ಬಾಗಿಲು ಎದೆಮಟ್ಟಕ್ಕೆ ಇರುವಂಥವು. ಮರದ ಡಬ್ಬಿಯ ಹೊರಮೈಗೆ ಉದ್ದಕ್ಕೂ ಎರಡು ಹಲಗೆಯ ಪಾವಟಿಗೆ. ಕೆಳಗಿನದಕ್ಕೆ ಕಾಲಿಡಲು ಗಂಡಸರೇ ಪಂಚೆ ಎತ್ತಿ ಕಟ್ಟಬೇಕಾಗಿತ್ತು. ಇನ್ನು ಹದಿನಾರು ಮೊಳದ ಸೀರೆ, ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಇರುವ ಹೆಂಗಸರ ಪಾಡು ನೀವೇ ಊಹಿಸಿಕೊಳ್ಳಿ. ಪುಣ್ಯಕ್ಕೆ ಗಂಡಸರು ಮೊದಲು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ ಅವರಿಗೆ ಧೈರ್ಯ ಹೇಳುತ್ತಿದ್ದರು.

ಉರುಕುಂದಪ್ಪನ ಸ್ಟೂಲಿಗೆ ಎರಡು ಮೆಟ್ಟಿಲು. ಗುಂತಕಲ್ಲಿನಲ್ಲಿ ಡಬ್ಬಿ ರಿಪೇರಿ ಮಾಡುವ ಬಡಗಿ ಮೌಲಾಲಿ, ಒಡೆದ ಗಾಡಿಯ ಬೆಂಚಿನ ತೇಗದ ಹಲಗೆಯಲ್ಲಿ ಅದನ್ನು ಮಾಡಿಕೊಟ್ಟಿದ್ದನಂತೆ. ಮೇಲಿನ ಹಲಗೆಯ ಮೇಲೆ 'ಎಂಟು ಜನರಿಗೆ' ಎಂಬ ಹಳೆಯ ಬಿಳಿ ಅಕ್ಷರ ಹಾಗೇ ಇತ್ತು. ಒಬ್ಬರು ನಿಂತರೆ ಕಿರ್ರೆನ್ನುವ ಸ್ಟೂಲಿಗೆ ಎಂಟು ಜನ ಎಲ್ಲಿಂದ ಬಂದರೋ ಎಂದು ನಾವು ನಗುತ್ತಿದ್ದೆವು.

ಗಾಡಿ ಸಿಗ್ನಲ್ ದಾಟುವಾಗಲೇ ಅವನಿಗೆ ಲೆಕ್ಕ ಸಿಗುತ್ತಿತ್ತು. ನಾಲ್ಕು ಗಾಲಿಯ ಹಳೆಯ ಡಬ್ಬಿ ಬಂದರೆ ಅದರ ಪಾವಟಿಗೆ ಕೊಂಚ ತಗ್ಗು. ಎಂಟು ಗಾಲಿಯ ಬೋಗಿಯಾದರೆ ಎತ್ತರ, ಆಗ ಸ್ಟೂಲಿನ ಕೆಳಗೆ ಒಂದು ಚಪ್ಪಡಿ ಕಲ್ಲು. ಬಾಗಿಲ ಪಕ್ಕ ಹೆಂಗಸಿನ ಚಿತ್ರ ಬರೆದ ಜನಾನಾ ಡಬ್ಬಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಸ್ಟೂಲು ಮೊದಲೇ ಹೋಗಿ ಕೂತಿರುತ್ತಿತ್ತು. ಅವನು ಬಗ್ಗಿ ಎರಡೂ ಕೈಯಲ್ಲಿ ಅದರ ಕಾಲು ಹಿಡಿದು ನೆಲ ನೋಡುತ್ತಿದ್ದ. ಹತ್ತುವವರ ಮುಖ ಒಂದು ದಿನವೂ ನೋಡಿದವನಲ್ಲ. ಬಾಯಲ್ಲಿ ಮಾತ್ರ ಅದೇ ಮಾತು. ತೆಲುಗಿನವರು ಬಂದರೆ "ನಿದಾನಂಗಾ ಎಕ್ಕಂಡಮ್ಮಾ, ಇಂಕಾ ಟೈಮುಂದಿ." ಬುರ್ಖಾದವರು ಬಂದರೆ "ಆಹಿಸ್ತಾ ಚಡೋ ಅಮ್ಮಾ, ಅಬೀ ವಖತ್ ಹೈ." ಹೀಗೆ ಮೂರು ಭಾಷೆಯಲ್ಲೂ ಅವನು ರೈಲ್ವೆಯ ವೇಳಾಪಟ್ಟಿಯನ್ನು ಸುಳ್ಳು ಮಾಡುತ್ತಿದ್ದ.

ನಮ್ಮ ಸೋದರತ್ತೆ ಮಥುರಾಬಾಯಿ ಮಡಿ ಹೆಂಗಸು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದವರು. ಯಾರ ಕೈಯನ್ನೂ ಹಿಡಿಯುವಂತಿಲ್ಲ, ಹಿಡಿಯದೆ ರೈಲು ಹತ್ತುವಂತಿಲ್ಲ. ಹಾಗಾಗಿ ತುಂಗಭದ್ರಾ ಸ್ಟೇಷನ್ನಿನಲ್ಲಿಳಿದು ಮಂತ್ರಾಲಯಕ್ಕೆ ಹೋಗುವ ಆಸೆಯನ್ನೇ ಬಿಟ್ಟಿದ್ದರು. ಸ್ಟೂಲು ನೋಡಿ ಒಂದು ನಿಮಿಷ ಯೋಚಿಸಿದರು. "ಒಣ ಕಟ್ಟಿಗೆಗೆ ಮೈಲಿಗೆ ಇಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡು ಟಕಟಕ ಹತ್ತಿಬಿಟ್ಟರು. ಆಮೇಲೆ ಪ್ರತಿ ವರ್ಷ ಮಂತ್ರಾಲಯ. ಬರುವಾಗ ಉರುಕುಂದಪ್ಪನಿಗೆ ಪ್ರಸಾದ ತಂದು ಸ್ಟೂಲಿನ ಮೇಲಿಟ್ಟು ಹೋಗುವರು.

ಮೂವತ್ತೆಂಟರಲ್ಲಿ ಒಂದು ದಿನ ಅವನ "ಇನ್ನೂ ಹೊತ್ತೈತಿ"ಯಿಂದ ಗಾಡಿ ಎರಡು ನಿಮಿಷ ತಡವಾಯಿತು. ಗಾರ್ಡು ಬರೆದುಕೊಂಡ, ಮೇಲಿನಿಂದ ಕೇಳಿಕೆ ಬಂತು, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವ ಭಾಗ್ಯ ನನ್ನ ಪಾಲಿಗೆ. ಅವನನ್ನು ಕರೆದು ಚೆನ್ನಾಗಿ ಬೈದೆ.

"ಹೊತ್ತು ಎಲ್ಲಿಂದ ತರ್ತೀಯೋ ನೀನು? ಲಗೂನ ಹತ್ರಿ ಅನ್ನೋಕೆ ನಿನಗೇನು ಧಾಡಿ?"

ಅವನು ಸ್ಟೂಲಿನ ಮೇಲೆ ಕೂತು ತಲೆಯ ಸಿಂಬಿ ಬಿಚ್ಚಿದ.

"ಒಮ್ಮಿ ಅಂದೀನ್ರಿ ರಾಯರ. ಅಷ್ಟ ಸಾಕಾಗೇತಿ."

ಆಮೇಲೆ ಹೇಳಿದ. ಏಳು ವರ್ಷದ ಹಿಂದಿನ ಮಾತು. ಹೆಂಡತಿ ಪಂಪಮ್ಮ ತುಂಬಿದ ಬಸುರಿ. ಕೂಸು ಅಡ್ಡ ತಿರುಗಿದೆ, ಬಳ್ಳಾರಿಯ ಲೇಡಿ ಡಾಕ್ಟರ ಹತ್ತಿರ ಇವತ್ತೇ ಕರೆದುಕೊಂಡು ಹೋಗು ಎಂದು ಸೂಲಗಿತ್ತಿ ಹೇಳಿದಳು. ಹತ್ತೂವರೆಯ ಗಾಡಿಗೆ ಬಂದರು. ಪಂಪಮ್ಮನ ಕಾಲು ಪಾವಟಿಗೆಗೆ ಎಟುಕಲಿಲ್ಲ. ಸೀಟಿ ಹೊಡೆಯಿತು. ಸುತ್ತಲೂ ಅವನ ಜೊತೆಯ ಹಮಾಲರು, ಹತ್ತಿ ವ್ಯಾಪಾರದ ಸಾವಕಾರರು, ಕಿಟಕಿ ತುಂಬ ಮಂದಿ.

"ಲಗೂನ ಹತ್ತು, ಲಗೂನ ಹತ್ತು ಅಂತ ಒದರಿದ್ನಿರಿ. ಆಕಿ ಅಂಜಿ ಕಾಲು ಜಾರಿ ನೆಲದ ಮ್ಯಾಗ ಕುಂತುಬಿಟ್ಳು. ನಾಲ್ಕು ಮಣದ ಮೂಟಿ ಎತ್ತಾಂವ ನಾನು, ಆಕಿನ್ನ ಎತ್ತಿ ಒಳಗ ಇಡಬೋದಿತ್ತು. ಮಂದಿ ಮುಂದ ಹೆಂಡ್ತೀನ ಎತ್ತಾಕ ನಾಚಿಕಿ ಬಂತ್ರಿ ರಾಯರ. ಗಾಡಿ ಹೋತು."

ಮುಂದಿನ ಗಾಡಿಯವರೆಗೆ ಕೂಸು ಕಾಯಲಿಲ್ಲ. ಹೆಣ್ಣು ಕೂಸಂತೆ. ಪಂಪಮ್ಮ ಹೇಗೋ ಉಳಿದಳು, ಮತ್ತೆ ಮಕ್ಕಳಾಗಲಿಲ್ಲ. ತಿಂಗಳು ಕಳೆದ ಮೇಲೆ ಅವನು ಮೌಲಾಲಿಯ ಹತ್ತಿರ ಹೋಗಿ ಸ್ಟೂಲು ಮಾಡಿಸಿಕೊಂಡು ಬಂದ. ಮೇಲಿನವರಿಗೆ, ಎಂಜಿನ್ನಿಗೆ ನೀರು ಹಿಡಿಯುವುದು ತಡವಾಯಿತು ಎಂದು ಬರೆದು ಕಳಿಸಿದೆ. ನನ್ನ ನೌಕರಿಯಲ್ಲಿ ಬರೆದ ಮೊದಲ ಸುಳ್ಳು ಅದು, ಕೊನೆಯದಲ್ಲ.

ಕೂಸು ಹೋದ ಮೇಲೆ ಪಂಪಮ್ಮ ಸ್ಟೇಷನ್ನಿನ ಕಡೆ ತಲೆ ಹಾಕಿ ಮಲಗಿದವಳಲ್ಲ. ಹತ್ತಿ ಜಿನ್ನಿನಲ್ಲಿ ಕಲೆ ಬಿದ್ದ ಹತ್ತಿ ಬೇರೆ ಮಾಡುವ ಕೆಲಸ ಅವಳದು. ಗಂಡನೊಡನೆ ಜಗಳವಿಲ್ಲ, ಮುನಿಸಿಲ್ಲ, ಸಂಜೆ ಬಿಸಿ ರೊಟ್ಟಿ ಹಾಕುವಳು. ಆ ದಿನದ ಮಾತು ಮಾತ್ರ ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ನಲವತ್ತಮೂರರಲ್ಲಿ ಜಿನ್ನಿನವರು ಅವಳನ್ನು ಬಿಡಿಸಿದರು. ಬಿಳಿ ಹತ್ತಿ ಯಾವುದು, ಕಲೆಯದು ಯಾವುದು ಅವಳಿಗೆ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮದರಾಸಿನ ಕಣ್ಣಿನ ಡಾಕ್ಟರೊಬ್ಬರು ಬಳ್ಳಾರಿಗೆ ಬಂದು ಹತ್ತು ದಿನ ಇರುತ್ತಾರೆಂದು ಸುದ್ದಿ ಬಂತು. ನಮಗೆ ತಿಳಿಯುವಷ್ಟರಲ್ಲಿ ಏಳು ದಿನ ಕಳೆದಿತ್ತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಹಾಲಹರವಿ ದಾರಿಯ ಬಸ್ಸು ನಿಂತಿತ್ತು. ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಹೋಗುವಷ್ಟರಲ್ಲಿ ಡಾಕ್ಟರು ಮದರಾಸು ಸೇರಿರುತ್ತಾರೆ. ಉಳಿದದ್ದು ರೈಲೊಂದೇ. ರೈಲು ಹತ್ತದಿದ್ದರೆ ಪಂಪಮ್ಮನಿಗೆ ಜೀವನವಿಡೀ ಕತ್ತಲೆ.

"ಆಕಿ ಬರ್ತೀನಿ ಅಂದಾಳ್ರಿ" ಎಂದ ಉರುಕುಂದಪ್ಪ. "ಖರೆ, ಒಂದು ಮಾತು ಹಾಕ್ಯಾಳ. ಮೂಟಿ ಎತ್ತಿದಂಗ ನನ್ನ ಎತ್ತಬ್ಯಾಡ. ನಾನಾ ಹತ್ತಿದರ ಹತ್ತಿದೆ, ಇಲ್ಲಾಂದ್ರ ಮನಿಗೆ ಹೋಗ್ತೀನಿ ಅಂತಾಳ."

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಜಪದ ಮಧ್ಯೆಯೇ ಕಣ್ಣು ಬಿಟ್ಟರು. "ನನ್ನ ಕಣ್ಣೂ ಈಚೆಗೆ ಮಂಜು. ನನಗೂ ಒಂದು ಟಿಕೀಟು ತೆಗೆದಿಡು" ಎಂದರು. ಅಕ್ಕಿಯಲ್ಲಿ ಕೂದಲೆಳೆಯಷ್ಟು ಸಣ್ಣ ಹುಳ ಕಂಡುಹಿಡಿಯುವ ಕಣ್ಣು ಅವರದು. ನಾನು ಬಾಯಿ ಮುಚ್ಚಿಕೊಂಡು ಟಿಕೀಟು ತೆಗೆದೆ.

ಮರುದಿನ ಹತ್ತೂವರೆಯ ಗಾಡಿ ತುಂಬಿ ತುಳುಕುತ್ತಲೇ ಬಂತು. ಮೊದಲು ಎಂಟು ನಿಮಿಷ ನಿಲ್ಲುತ್ತಿದ್ದದ್ದು ಯುದ್ಧ ಬಂದ ಮೇಲೆ ಮೂರೇ ನಿಮಿಷ. ಜನಾನಾ ಡಬ್ಬಿ ಕೊನೆಗೆ, ಗಾರ್ಡಿನ ಡಬ್ಬಿಯ ಪಕ್ಕ ಇತ್ತು. ಅತ್ತೆ ಮೊದಲು ಹತ್ತಿ ಜಾಗ ಹಿಡಿದರು. ಪಂಪಮ್ಮ ಕೈಯಾಡಿಸಿ ಹಿತ್ತಾಳೆಯ ಹಿಡಿ ಹುಡುಕಿದಳು, ಸ್ಟೂಲಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಅಷ್ಟರಲ್ಲಿ ಎಂಜಿನ್ನು ಸೀಟಿ ಹೊಡೆಯಿತು. ಅವಳು ಹಿಡಿ ಕೈಬಿಟ್ಟು, 'ಎಂಟು ಜನರಿಗೆ' ಎಂದು ಬರೆದ ಹಲಗೆಯ ಮೇಲೆ ಕುಸಿದು ಕೂತಳು.

ಉರುಕುಂದಪ್ಪ ಸ್ಟೂಲಿನ ಕಾಲು ಹಿಡಿದು ಬಗ್ಗಿದ್ದ. ಸಾವಿರ ಹೆಂಗಸರಿಗೆ ಮೂರು ಭಾಷೆಯಲ್ಲಿ ಹೇಳಿದ ಮಾತು ಹೆಂಡತಿಯ ಮುಂದೆ ಅವನ ಬಾಯಿಂದ ಹೊರಡಲಿಲ್ಲ. ಗಾರ್ಡು ಬಾವುಟ ಬಿಚ್ಚಿದ.

ನಾನು ಓಡಿ ಗಾರ್ಡಿನ ಮುಂದೆ ನಿಂತೆ. ಕೈಯಲ್ಲಿ ಸಿಕ್ಕ ಒಂದು ಕಾಗದ ಹಿಡಿದು, ಪಾರ್ಸಲ್ಲಿನ ರಸೀದಿಗೆ ನಿಮ್ಮ ರುಜು ಬಿದ್ದಿಲ್ಲ ಎಂದೆ. ಅದು ನಮ್ಮ ಮನೆಯ ಕಿರಾಣಿ ಚೀಟಿ. ಅವನು ಕನ್ನಡಕ ಹುಡುಕತೊಡಗಿದ. ದೇವರು ಆ ಗಾರ್ಡನ್ನು ತಣ್ಣಗಿಟ್ಟಿರಲಿ, ಕನ್ನಡಕ ಬೇಗ ಸಿಗಲಿಲ್ಲ.

ಅತ್ತ ನಮ್ಮ ಅತ್ತೆ ಬಾಗಿಲಿಗೆ ಬಂದು, ಮಡಿಸೀರೆಯಲ್ಲೇ ಡಬ್ಬಿಯ ಧೂಳು ನೆಲದ ಮೇಲೆ ಕೂತುಬಿಟ್ಟರು.

"ಪಂಪಮ್ಮ, ನೀನೂ ಕೂತಿ, ನಾನೂ ಕೂತೀನಿ. ಎದ್ದರೆ ಇಬ್ಬರೂ ಏಳೋಣ."

ಪಂಪಮ್ಮನ ಮುಖ ಗಂಡನ ಕಡೆಗಿತ್ತು. ಕಣ್ಣಿಗೆ ಅವನು ಕಾಣುತ್ತಿರಲಿಲ್ಲ, ಆದರೂ ಅವಳು ಕಾಯುತ್ತಿದ್ದಳು. ನನಗೆ ಅರ್ಥವಾಯಿತು. ಉರುಕುಂದಪ್ಪನಿಗೂ ಅರ್ಥವಾಯಿತೋ ಏನೋ, ಮೊದಲ ಸಲ ಅವನು ನೆಲದಿಂದ ಕಣ್ಣೆತ್ತಿ ಹತ್ತುವವರ ಮುಖ ನೋಡಿದ.

"ಸಾವಕಾಶ ಹತ್ತು ಪಂಪಿ" ಎಂದ. "ಇನ್ನೂ ಹೊತ್ತೈತಿ."

"ಇದನ್ನ ಅವತ್ತು ಅನ್ನಬೇಕಿತ್ತು" ಎಂದಳು.

"ಹೌದು. ಅವತ್ತ ಅನ್ನಬೇಕಿತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಆಮೇಲೆ ಪಾವಟಿಗೆ. ಕೊನೆಯದರಲ್ಲಿ ಕಾಲು ತಡವರಿಸಿದಾಗ ಅತ್ತೆ ಅವಳ ಮುಂಗೈ ಹಿಡಿದು ಎಳೆದುಕೊಂಡರು. ನಾನು ಬೆರಗಾಗಿ ನೋಡುತ್ತಿರುವುದನ್ನು ಕಂಡು, "ಏನು ನೋಡ್ತಿಯೋ? ಬಳ್ಳಾರಿಯಲ್ಲಿ ನೀರಿಲ್ಲವೇನು, ಸ್ನಾನ ಮಾಡಿದರಾಯಿತು" ಎಂದು ಗದರಿದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಬೇಕಾಗುತ್ತದೆಂದು ಉರುಕುಂದಪ್ಪ ಸ್ಟೂಲನ್ನು ಹೆಗಲಿಗೇರಿಸಿಕೊಂಡು ಮುಂದಿನ ಡಬ್ಬಿಗೆ ಹಾರಿದ. ಗಾಡಿ ಹೋಯಿತು. ನಾನು ಕಿರಾಣಿ ಚೀಟಿಯಿಂದ ಕಣ್ಣೊರೆಸಿಕೊಂಡೆ.

ಆಪರೇಷನ್ ಆಯಿತು, ಸದ್ಯಕ್ಕೆ ಒಂದು ಕಣ್ಣಿಗೆ ಎಂದು ಅತ್ತೆ ನಾಲ್ಕು ದಿನಕ್ಕೆ ಬಂದು ಹೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಬಿಚ್ಚಿದ ಮೇಲೇ ಗೊತ್ತಾಗುವುದು. ಅಲ್ಲಿಯವರೆಗೆ ಅವರಿಬ್ಬರೂ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಂಪಮ್ಮನ ಚಿಕ್ಕಮ್ಮನ ಮನೆಯಲ್ಲಿ.

ಇತ್ತ ಸ್ಟೇಷನ್ನಿನಲ್ಲಿ ಹೆಂಗಸರು ಬಂದು ಬಂದು "ಉರುಕುಂದಪ್ಪ ಎಲ್ಲದಾನ್ರಿ" ಎಂದು ನನ್ನ ಕಿಟಕಿಯಲ್ಲಿ ಕೇಳತೊಡಗಿದರು. ಎಮ್ಮಿಗನೂರಿನಿಂದ ಸೀರೆಯ ಗಂಟು ಹೊತ್ತುಬಂದ ಮುದುಕಿಯೊಬ್ಬಳು ಪಾವಟಿಗೆಯ ಕೆಳಗೆ ನಿಂತು ಸುಮ್ಮನೆ ಮೇಲೆ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಲಿ ನಾನು? ಕೂತ ಕುರ್ಚಿಯನ್ನೇ ಎತ್ತಿಕೊಂಡು ಹೋದೆ. ಟಿಕೀಟಿಗೆ ನಿಂತವರು ಬೈದರು, ಬೈಯಲಿ. ಬಗ್ಗಿ ಕುರ್ಚಿಯ ಕಾಲು ಹಿಡಿದಾಗ ಗೊತ್ತಾಯಿತು, ಅಲ್ಲಿಂದ ಕಾಣುವುದು ಮನುಷ್ಯರ ಪಾದ ಮಾತ್ರ. ಪ್ರತಿ ಪಾದವೂ ಹೆದರಿಕೊಂಡೇ ಬರುತ್ತದೆ. ಅದಾದ ಮೇಲೆ ದಿನವೂ ಹತ್ತೂವರೆಗೆ ಬುಕಿಂಗ್ ಕಿಟಕಿ ಮುಚ್ಚುವುದು, ಕುರ್ಚಿ ಹೊರಗೆ ಬರುವುದು ರೂಢಿಯಾಯಿತು.

ತಿಂಗಳು ದಾಟಿ ಎರಡು ದಿನಕ್ಕೆ ಅವರು ಮರಳಿದರು. ಉರುಕುಂದಪ್ಪ ಎಂಜಿನ್ನಿನ ಕಡೆಯ ಡಬ್ಬಿಯಲ್ಲೆಲ್ಲೋ ಸಿಕ್ಕಿಕೊಂಡು, ಸ್ಟೂಲು ಎತ್ತಿ ಹಿಡಿದು ಗದ್ದಲದಲ್ಲಿ ದಾರಿ ಬಿಡಿಸಿಕೊಳ್ಳುತ್ತಿದ್ದ. ಜನಾನಾ ಡಬ್ಬಿಯ ಬಾಗಿಲಲ್ಲಿ ಪಂಪಮ್ಮ ನಿಂತಿದ್ದಳು. ಮೂಗಿನ ಮೇಲೆ ಸೋಡಾ ಬಾಟ್ಲಿಯಷ್ಟು ದಪ್ಪದ ಕನ್ನಡಕ. ನಾನು ಓಡಿಹೋಗಿ ಕುರ್ಚಿಯಿಟ್ಟು, ಬಗ್ಗಿ ಕಾಲು ಹಿಡಿದೆ. ಸೀಟಿ ಹೊಡೆಯಿತು, ಗಾರ್ಡು ಬಾವುಟ ಎತ್ತಿದ.

"ಸಾವಕಾಶ ಪಂಪಮ್ಮ" ಎಂದೆ. "ಇನ್ನೂ ಹೊತ್ತೈತಿ."

ಪಾದ ಬರಲಿಲ್ಲ. ತಲೆಯೆತ್ತಿದೆ. ಅವಳು ಕನ್ನಡಕ ಸರಿಮಾಡಿಕೊಂಡು, ಕತ್ತು ಬಗ್ಗಿಸಿ, ಕುರ್ಚಿಯ ನಾಲ್ಕೂ ಕಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಹೊತ್ತೇನೋ ಐತ್ರಿ ರಾಯರ" ಎಂದಳು. "ಕುರ್ಚಿ ಸೊಟ್ಟ ಇಟ್ಟೀರಿ. ಈ ಕಡಿ ಒಂದೀಟು ಸರಸ್ರಿ."