ಶೇಖರಮ್ಮನ ಮನೆಗೆ ಬಿದ್ದ ಮೊದಲನೇ ದರ್ಜೆ

ಗಂಗಾವತಿಯಲ್ಲಿ ಚುರುಮುರಿ ಭಟ್ಟಿಯ ಶೇಖರಮ್ಮ ಗೊತ್ತಿಲ್ಲದವರು ಇರಲಿಲ್ಲ. ಅರ್ಧ ಊರಿಗೆ ಆಕೆಯ ಬಾಯಿ ಗೊತ್ತಿತ್ತು, ಇನ್ನರ್ಧ ಊರಿಗೆ ಆಕೆಯ ಕೈ ಗೊತ್ತಿತ್ತು. ಆ ಬಾಯಿಂದ ಬೈಸಿಕೊಂಡವರೇ ಆ ಕೈಯಿಂದ ಒಂದು ಹಿಡಿ ಚುರುಮುರಿ ಹೆಚ್ಚಿಗೆ ಹಾಕಿಸಿಕೊಂಡು ಹೋಗುತ್ತಿದ್ದರು. ಗಂಡ ತೀರಿಕೊಂಡಾಗ ಮಗ ಈಶಪ್ಪ ತೊಟ್ಟಿಲಲ್ಲಿದ್ದ. ಕಾದ ಉಸುಕಿನಲ್ಲಿ ಅಕ್ಕಿ ಹುರಿಯುತ್ತಲೇ ಆಕೆ ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಯಾರ ಮುಂದೆಯೂ ಸೆರಗೊಡ್ಡಲಿಲ್ಲ. ಹಾಗಂತ ಆಕೆಯೇ ದಿನಾ ಹೇಳುತ್ತಿದ್ದಳು. ಕೇಳಿ ಕೇಳಿ ನಮಗೆ ಸಾಕಾಗಿತ್ತು.

ನಾನು ಆ ಓಣಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಡೆದದ್ದು ಇದು. ನಿಜಾಮರ ಕಾಲ, ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಮ್ಮ ಮನೆಗೂ ಶೇಖರಮ್ಮನ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲೊಂದು ಕಿರುಬಾಗಿಲು. ಮಜ್ಜಿಗೆ, ಕೆಂಡ, ಬೈಗುಳ ಎಲ್ಲ ಅದರಲ್ಲೇ ಆಚೀಚೆ ಓಡಾಡುತ್ತಿದ್ದವು. ಬೈಗುಳ ಹೆಚ್ಚಾಗಿ ಶೇಖರಮ್ಮನಿಗೂ ನನ್ನ ಅತ್ತೆ ಹಂಪವ್ವನಿಗೂ ಸೇರಿದ್ದು.

ಈಶಪ್ಪನಿಗೆ ಹೆಣ್ಣು ಸಿಗುವುದು ಕಷ್ಟವಾಗಿತ್ತು. ಹುಡುಗ ಬಂಗಾರದಂಥವನು. ಆದರೆ ಹೆಣ್ಣು ಕೊಡುವವರು ಮೊದಲು ಮನೆ ನೋಡಲು ಬರುತ್ತಾರಲ್ಲ, ಬಂದವರು ಆ ಎರಡಂಕಣದ ಗೂಡು ನೋಡಿ, ನೀರು ಕುಡಿದು, ‘ತಿಳಿಸ್ತೀವ್ರಿ’ ಎಂದು ಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ. ನಮ್ಮ ಕಡೆ ಮನೆಯನ್ನು ಅಳೆಯುವುದು ಅಂಕಣದಲ್ಲಿ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಹಾಗೆ ಎರಡು ಸಂಬಂಧ ತಪ್ಪಿದ ಮೇಲೆ ಕುಷ್ಟಗಿ ಸೀಮೆಯ ಕರಿಬಸಪ್ಪ ಎಂಬವರು ತಮ್ಮ ಮಗಳು ಕಳಕಮ್ಮನನ್ನು ಕೊಡುವ ಮಾತು ಎತ್ತಿದರು. ಈಶಪ್ಪ ಹೋಗಿ ಹುಡುಗಿಯನ್ನು ನೋಡಿ ಬಂದ. ಬಂದವನು ಎರಡು ದಿನ ಅಕ್ಕಿ ಕರಕಲು ಮಾಡಿದ. ತಾಯಿಗೆ ಅಷ್ಟೇ ಸಾಕಾಯಿತು.

‘ಈ ಸಲ ಮನಿ ನೋಡಿ ಯಾರೂ ಹೊಳ್ಳಿ ಹೋಗಬಾರದು’ ಎಂದು ಶೇಖರಮ್ಮ ಸೆರಗು ಸಿಕ್ಕಿಸಿದಳು. ಬೀಗರು ಬರುವ ದಿನ ಓಣಿಯೆಲ್ಲ ಆಕೆಯ ಮನೆಗೆ ಹರಿಯಿತು. ಇದು ನಮ್ಮಲ್ಲಿ ಹೊಸದಲ್ಲ. ಇವತ್ತು ಅವರಿಗೆ ನಾವು, ನಾಳೆ ನಮಗೆ ಅವರು. ನಮ್ಮ ಹಿತ್ತಾಳೆ ಹಂಡೆ, ಕೊಡ, ತಂಬಿಗೆಗಳು ಸಾಲಾಗಿ ಕೂತವು. ಎದುರುಮನೆಯ ಫಾತಿಮಾಬೀ ತನ್ನ ಮದುವೆಯ ಜಮಖಾನೆ ಕೊಟ್ಟಳು. ಮೂಲೆಮನೆಯ ಭೀಮಕ್ಕನ ಎಮ್ಮೆ ಶೇಖರಮ್ಮನ ಬಾಗಿಲಲ್ಲಿ ಬಂದು ನಿಂತಿತು. ನಮ್ಮತ್ತೆ ಗೊಣಗುತ್ತಲೇ ಕಿರುಬಾಗಿಲನ್ನು ಅಗಲಕ್ಕೆ ತೆರೆದಿಟ್ಟರು. ನಮ್ಮ ಐದಂಕಣವೂ ಅವತ್ತಿನ ಮಟ್ಟಿಗೆ ಶೇಖರಮ್ಮನದಾಯಿತು.

ಹೊತ್ತೇರುವ ಮುಂಚೆಯೇ ಕರೀಕೋಟು ತೊಟ್ಟು, ರುಮಾಲು ಸುತ್ತಿ, ಕೊಡೆ ಹಿಡಿದ ಒಬ್ಬರು ಬಾಗಿಲಿಗೆ ಬಂದರು. ಹಿಂದೆ ಒಬ್ಬ ಆಳು. ಬಂದವರಿಗೆ ಕಾಲಿಗೆ ನೀರು ಕೊಡುವ ಮೊದಲು ‘ನೀವ್ಯಾರು’ ಎಂದು ಕೇಳಿದರೆ ಮನೆತನಕ್ಕೇ ಕುಂದು. ನೀರು ಕೊಟ್ಟ ಮೇಲೆ ಕೇಳುವುದು ಇನ್ನೂ ಕುಂದು. ಹುಡುಗಿಯ ಸೋದರಮಾವ ಮುಂದಾಗಿ ಬಂದಿರಬೇಕೆಂದು ಶೇಖರಮ್ಮ ಜಮಖಾನೆಯ ಮೇಲೆ ಕೂರಿಸಿದಳು.

‘ಮನಿ ಸ್ವಂತದ್ದೇನು?’ ಎಂದು ಆತ ಕೇಳಿದ.

‘ನಮ್ಮ ಮಾವನವರ ಕಾಲದ್ದು ಐತ್ರಿ.’

‘ಎಷ್ಟು ಅಂಕಣ?’

‘ಏಳಂಕಣ್ರಿ. ಬರ್ರಿ, ಒಳಗ ನೋಡ್ರಿ.’

‘ದನ?’

‘ಒಂದು ಬಾಗಲಾಗ ಐತ್ರಿ. ಉಳದವು ಮೇಯಾಕ ಹೋಗ್ಯಾವ.’

ಆಳು ಟೇಪು ಹಿಡಿದು ಗೋಡೆ ಅಳೆದ. ಬೀಗರಾಗುವವರು ಟೇಪು ತರುವುದಿಲ್ಲವೆಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ‘ಕುಷ್ಟಗಿ ಸೀಮಿಯವರು ಭಾಳ ಬಿಗಿ ಮಂದಿ’ ಎಂದು ಶೇಖರಮ್ಮ ನನ್ನ ಕಿವಿಯಲ್ಲಿ ಹೇಳಿ, ಇನ್ನಷ್ಟು ಉಬ್ಬಿ, ಮುಂದಿನ ವರ್ಷ ಮಹಡಿ ಕಟ್ಟಿಸುವ ಸುದ್ದಿಯನ್ನೂ ತೆಗೆದಳು. ಆತ ಎಲ್ಲವನ್ನೂ ಬರೆದುಕೊಂಡ. ಹೋಳಿಗೆ ತುಪ್ಪ ಉಂಡ. ‘ಭಾಳ ಛಲೋ ಮನಿ ಐತಿ ಬಿಡ್ರಿ’ ಎಂದು ಎದ್ದು ಹೋದ.

ಆತ ಅತ್ತ ಹೋದನೋ ಇಲ್ಲವೋ, ಇತ್ತ ಕರಿಬಸಪ್ಪನವರ ಗಾಡಿ ಬಂತು. ಅವರು ಯಾರನ್ನೂ ಮುಂದಾಗಿ ಕಳಿಸಿರಲಿಲ್ಲ. ಹಾಗಾದರೆ ಉಂಡು ಹೋದವನು ಯಾರು? ಆದರೆ ಆ ಗಡಿಬಿಡಿಯಲ್ಲಿ ಯೋಚಿಸಲು ಪುರಸೊತ್ತೆಲ್ಲಿ? ಉಳಿದ ಹೋಳಿಗೆಯನ್ನು ಬೀಗರಿಗೆ ಬಡಿಸಿ ನಾವು ರೊಟ್ಟಿ ತಿಂದೆವು. ಅವರೂ ಏಳಂಕಣವನ್ನು ಸುತ್ತಿ ನೋಡಿದರು, ಒಪ್ಪಿದರು. ಸಂಜೆಗೆ ವೀಳ್ಯ ಬದಲಾಗಿ ಮದುವೆ ನಿಶ್ಚಯವಾಯಿತು.

ಮೊದಲು ಬಂದವನು ಯಾರೆಂದು ತಿಳಿದದ್ದು ಕಚೇರಿಯ ಉರ್ದು ನೋಟೀಸು ಬಂದಾಗ. ಆತ ಮನೆಪಟ್ಟಿಗಾಗಿ, ಅಂದರೆ ಮನೆಯ ತೆರಿಗೆಗಾಗಿ, ಮನೆಗಳನ್ನು ನೋಡಿ ದರ್ಜೆ ಹಾಕುವ ಕಾರಕೂನ. ಉರ್ದು ಬಲ್ಲವನು ನಮ್ಮ ಓಣಿಯಲ್ಲಿ ಒಬ್ಬನೇ, ಫಾತಿಮಾಬೀಯ ಗಂಡ ಮುರ್ತುಜಾಸಾಬ. ಆತ ಕಾಗದ ಓದಿ ತಲೆ ಕೆರೆದುಕೊಂಡ. ‘ಶೇಖರಮ್ಮ, ನಿಮ್ಮ ಮನಿಗೆ ಮೊದಲನೇ ದರ್ಜೆ ಹಾಕ್ಯಾರ. ದೊಡ್ಡ ಸಾವಕಾರರ ವಾಡೇಕ್ಕ ಹಾಕಿದ್ದನ್ನ ನಿಮಗೂ ಹಾಕ್ಯಾರ.’

ಭಟ್ಟಿಯ ಗಳಿಕೆಯನ್ನೆಲ್ಲ ಸುರಿದರೂ ತೀರದ ಪಟ್ಟಿ ಅದು. ಕಟ್ಟದಿದ್ದರೆ ಜಪ್ತಿ, ಮೊದಲು ಹುರಿಯುವ ಬಾಣಲೆ ಹೋಗುತ್ತಿತ್ತು, ಆಮೇಲೆ ಮನೆ. ಅಪೀಲು ಹಾಕಬಹುದಿತ್ತು. ಆದರೆ ಅಪೀಲನ್ನು ತಹಶೀಲ್ದಾರ ಸಾಹೇಬರು ಸಂತೆಯ ದಿನ ಕಚೇರಿಯ ಅಂಗಳದಲ್ಲಿ, ಹತ್ತಾರು ಊರಿನ ಮಂದಿಯ ಮುಂದೆ ಕೇಳುತ್ತಿದ್ದರು. ಅಲ್ಲಿ ‘ನನ್ನದು ಎರಡೇ ಅಂಕಣ’ ಎಂದರೆ ಸಂಜೆಯೊಳಗೆ ಕರಿಬಸಪ್ಪನವರ ಊರಿಗೆ ಸುದ್ದಿ ಮುಟ್ಟುತ್ತಿತ್ತು. ಮನೆ ಉಳಿಸಿಕೊಂಡರೆ ಮದುವೆ ಮುರಿಯಬೇಕು, ಮದುವೆ ಉಳಿಸಿಕೊಂಡರೆ ಮನೆ ಹೋಗಬೇಕು. ಅಂಥ ಗಟ್ಟಿಗಿತ್ತಿ ಅವತ್ತು ದಿನವಿಡೀ ಭಟ್ಟಿ ಹಚ್ಚಲಿಲ್ಲ.

ಓಣಿಯಲ್ಲಿ ಬುದ್ಧಿ ಹೇಳುವವರಿಗೇನು ಬರ. ‘ಕಾರಕೂನ ನಮ್ಮ ಮನಿಗೆ ಬಂದೇ ಇಲ್ಲ, ಕುಂತಲ್ಲೇ ಬರದಾನ ಅಂತ ಹೇಳು. ಯಾರು ನೋಡ್ಯಾರ?’ ಎಂದಳು ಭೀಮಕ್ಕ.

‘ನನ್ನ ಕೈಯಾಗ ಉಂಡು ಹೋದಂವ ಆತ. ಅವನ ಹೊಟ್ಟಿ ಮ್ಯಾಲೆ ನಾ ಹೊಡಿಯಾಂಗಿಲ್ಲ’ ಎಂದಳು ಶೇಖರಮ್ಮ. ‘ಸುಳ್ಳು ಹೇಳಿದಾಕಿ ನಾನು. ಹೊಳ್ಳಿ ತಗೊಳ್ಳಾಕಿನೂ ನಾನ.’

ಮಗನನ್ನು ಕರೆದು ಕೇಳಿದಳು. ಈಶಪ್ಪ ತಲೆ ತಗ್ಗಿಸಿಕೊಂಡು, ‘ಭಟ್ಟಿ ಹೋದ ಮ್ಯಾಲೆ ಆಕೀನ ತಂದು ಏನು ಉಣಸ್ಲಿ ಯವ್ವಾ? ನೀ ಹೋಗು’ ಎಂದ. ಹಾಗೆ ಹೇಳಿ ಅವನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡದ್ದನ್ನು ನಾನು ನೋಡಿದೆ. ಮುರ್ತುಜಾಸಾಬ ಅರ್ಜಿ ಬರೆದುಕೊಟ್ಟ.

ಇನ್ನು ನಮ್ಮ ಮನೆಯ ಪಾಲಿನ ಕಥೆ ಹೇಳಬೇಕು. ನಮಗೆ ನೋಟೀಸೇ ಬಂದಿರಲಿಲ್ಲ. ನಮ್ಮ ಐದಂಕಣ ಶೇಖರಮ್ಮನ ಲೆಕ್ಕಕ್ಕೆ ಸೇರಿದ ಮೇಲೆ ಸರಕಾರದ ಪಾಲಿಗೆ ನಮ್ಮ ಮನೆ ಇರಲೇ ಇಲ್ಲ. ‘ತಾನಾಗಿ ಬಂದ ಪುಣ್ಯ. ನಾವೇಕ ಬಾಯಿ ಬಿಡಬೇಕು?’ ಎಂದರು ನನ್ನ ಯಜಮಾನರು. ಅತ್ತೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವರು ಎಣ್ಣೆಯ ಹನಿಯನ್ನೂ ಬೆರಳಲ್ಲಿ ಸವರಿ ಮರಳಿ ಗಿಂಡಿಗೆ ಹಾಕುವ ಹೆಂಗಸು. ಅವರಿಂದ ನನಗೆ ಆಸೆಯೇನೂ ಇರಲಿಲ್ಲ, ಖರೆ ಹೇಳುತ್ತೇನೆ.

ಸಂತೆಯ ದಿನ ಕಚೇರಿಯ ಅಂಗಳ ಕಿಕ್ಕಿರಿದಿತ್ತು. ನಾವು ಹೆಂಗಸರು ಬೇವಿನ ಮರದ ಕೆಳಗೆ ನಿಂತೆವು. ಆ ಕಡೆ ನೋಡುತ್ತೇನೆ, ಕರಿಬಸಪ್ಪನವರೇ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದಾರೆ. ಎತ್ತು ಕೊಳ್ಳಲು ಸಂತೆಗೆ ಬಂದವರು, ಬೀಗಿತ್ತಿಯ ಹೆಸರು ಕೂಗಿದ್ದು ಕೇಳಿ ಒಳಗೆ ಬಂದಿದ್ದರು. ಶೇಖರಮ್ಮನೂ ನೋಡಿದಳು. ಈಗಲೂ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಆಕೆ ಸೆರಗು ಹೊದ್ದು ಮುಂದೆ ಹೋಗಿ ನಿಂತಳು.

ಸಾಹೇಬರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ‘ಏಳಂಕಣ ಅಂತ ನೀನ ಹೇಳಿದಿ ಅಂತಾನ ಕಾರಕೂನ. ಹೌದೇನಮ್ಮ?’ ಎಂದು ಕೇಳಿದರು.

‘ಹೌದ್ರಿ. ನಾನ ಹೇಳಿನಿ.’

‘ಈಗ ಎರಡಂಕಣ ಅಂತಿ. ಅಂದ್ರ ಸರಕಾರಕ್ಕ ಸುಳ್ಳು ಹೇಳಿದ್ಯಾ?’

‘ಸರಕಾರಕ್ಕ ಹೇಳಿಲ್ರಿ. ಬೀಗರಿಗೆ ಹೇಳಿನಿ. ಅವತ್ತ ಅವರು ಮನಿ ನೋಡಾಕ ಬರೋರಿದ್ರು. ಈ ಯಪ್ಪ ಮೊದಲ ಬಂದ. ಅವರ ಪೈಕಿ ಅನಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ್ರಿ. ನಾ ಮೂರ್ನಾಕು ಹೇಳಿನಿ. ಬೀಗರ ಮುಂದ ಹೇಳಿದ್ದಕ್ಕೆಲ್ಲಾ ಪಟ್ಟಿ ಹಾಕಿದ್ರ ಸಾಹೇಬ್ರ, ನಿಮ್ಮ ತಾಲ್ಲೂಕಿನ್ಯಾಗ ಬಡವರು ಅನ್ನೋರು ಒಬ್ಬರೂ ಉಳಿಯಂಗಿಲ್ಲ.’

ಅಂಗಳ ಗೊಳ್ಳೆಂದು ನಕ್ಕಿತು. ಸಾಹೇಬರು ಮೀಸೆಯೊಳಗೆ ನಕ್ಕರು. ಕರಿಬಸಪ್ಪನವರು ಮಾತ್ರ ನಗಲಿಲ್ಲ.

‘ಮಾತು ಛಲೋ ಆಡ್ತಿ. ಸಬೂತು ಬೇಕಲ್ಲ’ ಎಂದು ಸಾಹೇಬರು ಕಾರಕೂನ ಬರೆದುಕೊಂಡದ್ದನ್ನು ನೋಡಿದರು. ‘ಆ ಜಮಖಾನಿ ಯಾರದು?’

‘ನಂದ್ರಿ’ ಎಂದಳು ಬುರಖಾದೊಳಗಿಂದ ಫಾತಿಮಾಬೀ. ಎಮ್ಮೆ ತನ್ನದೆಂದಳು ಭೀಮಕ್ಕ. ‘ಮತ್ತ ಆ ಐದಂಕಣ?’ ಎಂದು ಸಾಹೇಬರು ಕೇಳಿದರು. ಸೊಸೆಯಾದವಳು ಅತ್ತೆಯ ಮುಂದೆ, ಗಂಡ ಬೇಡವೆಂದದ್ದನ್ನು ಹೇಗೆ ಹೇಳಲಿ? ಹೇಳಿಯೇ ಬಿಡೋಣವೆಂದು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅತ್ತೆ ನನ್ನನ್ನು ಹಿಂದಕ್ಕೆ ಸರಿಸಿದರು.

‘ಅದು ನಮ್ಮದ್ರಿ. ನಾನು ಹಂಪವ್ವ’ ಎಂದರು. ‘ಈಕಿಗೂ ನನಗೂ ಮಾತಿಲ್ಲ, ಮೊನ್ನೆ ಕೋಳಿ ಸಲುವಾಗಿ ಜಗಳಾಡೀವಿ. ಆದ್ರ ನಮ್ಮ ಮನಿ ಪಟ್ಟಿ ಆಕಿ ಕಟ್ಟೋದು ಬ್ಯಾಡ. ನಮ್ಮ ಹೆಸರಿಗೆ ಬರಕೊಳ್ರಿ.’

ಅತ್ತೆಯ ಕಾಲಿಗೆ ಬೀಳಬೇಕು ಅನಿಸಿತು ನನಗೆ. ಆ ಹೆಂಗಸಿನ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೂ ಮೊದಲು ಹುಟ್ಟಿರಲಿಲ್ಲ.

ಸಾಹೇಬರು ಅಲ್ಲಿಂದಲೇ ಒಬ್ಬನನ್ನು ಕಳಿಸಿ ಗೋಡೆಗೆ ಗೋಡೆ ಅಳೆಸಿದರು. ಎರಡಂಕಣ, ಮಣ್ಣಿನ ಮಾಳಿಗೆ. ‘ಮೂರನೇ ದರ್ಜೆ’ ಎಂದು ಹುಕುಂ ಬರೆಸಿದರು. ಮೂರಕ್ಕಿಂತ ಕೆಳಗಿನ ದರ್ಜೆ ಇರಲಿಲ್ಲ. ಕಾರಕೂನನ ಮುಖದಲ್ಲಿ ಜೀವ ಬಂತು. ಅವನ ಮೇಲೆ ಸಾಹೇಬರು ಒಂದು ಮಾತೂ ಹಾಕಲಿಲ್ಲ.

ಮನೆ ಉಳಿಯಿತು. ಆದರೆ ಶೇಖರಮ್ಮ ಹುಕುಮಿನ ಕಡೆ ತಿರುಗಿಯೂ ನೋಡಲಿಲ್ಲ. ಮಂದಿಯನ್ನು ಸರಿಸಿಕೊಂಡು ನೆಟ್ಟಗೆ ಕರಿಬಸಪ್ಪನವರ ಎದುರು ಹೋಗಿ ನಿಂತಳು.

‘ಎಲ್ಲಾ ಕೇಳಿದ್ರಿ. ನಂದು ತಪ್ಪಾತು. ಹುಡುಗ ಮಾತ್ರ ಖರೇನ ನನ್ನ ಮಗ, ಅವನ್ನ ಯಾರ ಕಡಿಂದಾನೂ ಕಡ ತಂದಿಲ್ಲ. ಇನ್ನ ಹೆಣ್ಣು ಕೊಡೋದು ಬಿಡೋದು ನಿಮಗ ಬಿಟ್ಟಿದ್ದು.’

ಕರಿಬಸಪ್ಪನವರು ಕೈಯಲ್ಲಿದ್ದ ಹಗ್ಗವನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

‘ನಿಮ್ಮ ಹುಡುಗ ಬಂದಾಗ ನಮ್ಮ ಕಳಕಮ್ಮನ ಕೊರಳಾಗ ಬಂಗಾರದ ಸರ ಇತ್ತಲ್ರಿ, ಅದು ನಮ್ಮದಲ್ಲ. ಊರ ಗೌಡರ ಮನೀದು’ ಎಂದರು. ‘ನಿಮ್ಮ ಹುಡುಗನ ಗಾಡಿ ಊರು ದಾಟೋದ್ರಾಗ ಬಂದು ಬಿಚ್ಚಿಗೊಂಡು ಹೋದ್ರು. ಹುಡುಗಿ ಅತ್ತಳು. ನಿಮಗ ಹೇಳಬೇಕು ಅಂತ ಅವತ್ತಿಂದ ಒದ್ದಾಡಾಕತ್ತೀನಿ, ಧೈರ್ಯ ಆಗಿರಲಿಲ್ಲ. ನೀವು ಇಷ್ಟು ಮಂದ್ಯಾಗ ಹೇಳಿದ್ರಿ.’ ಆಮೇಲೆ ಅವರು ಬೇವಿನ ಮರದ ಕೆಳಗಿದ್ದ ನಮ್ಮ ಕಡೆ ನೋಡಿದರು. ‘ನಮಗ ಕಡ ಕೊಟ್ಟೋರು ಕಸಗೊಂಡು ಹೋದ್ರು. ನಿಮಗ ಕೊಟ್ಟೋರು ಮೈಮ್ಯಾಲೆ ಪಟ್ಟಿ ಎಳಕೊಂಡು ನಿಂತ್ರು. ನನ್ನ ಮಗಳು ಈ ಓಣಿಗೇ ಬರಲಿ.’

ಶೇಖರಮ್ಮನ ಬಾಯಿಗೆ ಮಾತು ಬಾರದೆ ಹೋದದ್ದನ್ನು ಗಂಗಾವತಿ ಅವತ್ತು ನೋಡಿತು. ಕಣ್ಣಿಂದ ನೀರು ದಳದಳ ಇಳಿಯಿತು, ಆಕೆ ಒರೆಸಿಕೊಳ್ಳಲಿಲ್ಲ. ಹಿಂದಿರುಗಿ ಬಂದು ನಮ್ಮತ್ತೆಯ ಕೈ ಹಿಡಿದಳು.

ಆಮೇಲೆ ಬಂತು ನೋಡಿ ಮಾತು. ಮನೆಗೆ ಹತ್ತಿರದ ದಾರಿಯಿತ್ತು, ಆದರೆ ಶೇಖರಮ್ಮ ನಮ್ಮನ್ನು ತುಂಬಿದ ಸಂತೆಯ ನಟ್ಟನಡುವೆ ಕರೆದುಕೊಂಡು ಹೊರಟಳು. ಬೆಲ್ಲದವರು, ಬಳೆಯವರು, ಮೆಣಸಿನಕಾಯಿಯವರು, ಕೇಳಿದವರಿಗೆ, ಕೇಳದವರಿಗೆ, ಎಲ್ಲರಿಗೂ ತಲೆ ಎತ್ತಿ ಹೇಳುತ್ತ ನಡೆದಳು: ‘ನಮ್ಮದು ಮೂರನೇ ದರ್ಜೆ ಮನಿ ಐತ್ರಿ. ಮುಂದಿನ ತಿಂಗಳು ಮಗನ ಮದುವಿ. ಎಲ್ಲಾರೂ ಬರ್ರಿ.’